303 ಹೇಗೆ 240 ಆಯಿತು: ಲೋಕಸಭಾ ಫಲಿತಾಂಶವನ್ನು ಬೂತ್‌ವರೆಗೆ ಓದುವ ಕ್ರಮ

2024ರ ಜೂನ್ 4ರಂದು ಬಿಜೆಪಿ ನೇತೃತ್ವದ ಎನ್‌ಡಿಎ ಮೈತ್ರಿಕೂಟಕ್ಕೆ 293 ಸ್ಥಾನ ಬಂತು, ಸರ್ಕಾರವೂ ಉಳಿಯಿತು. ಆದರೆ ಬಿಜೆಪಿ 2019ರ 303ರಿಂದ 240ಕ್ಕೆ ಇಳಿಯಿತು. ರಾಷ್ಟ್ರೀಯ ವಿಚಾರ ನಂಬಿ ಮತ ಹಾಕಿದವರಿಗೆ ಇದು ಇವತ್ತಿಗೂ ಕಾಡುವ ಪ್ರಶ್ನೆ. ಟಿಕೆಟ್ ಹಂಚಿಕೆ ಸರಿಯಿರಲಿಲ್ಲ, ಕಾರ್ಯಕರ್ತರು ಓಡಾಡಲಿಲ್ಲ, ಜನ ಜಾತಿ ನೋಡಿದರು ಎಂದು ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ. ಲೆಕ್ಕ ಹಾಕಿ ನೋಡದೆ ಯಾವುದನ್ನೂ ಒಪ್ಪಬೇಡಿ. ಒಂದು ಕ್ಷೇತ್ರದ ಲೆಕ್ಕ ಒಂದು ಭಾನುವಾರದಲ್ಲಿ ಮುಗಿಯುತ್ತದೆ.

ಮೊದಲು ಶೇಕಡಾ, ಆಮೇಲೆ ಸ್ಥಾನ

ದೇಶದ ಮಟ್ಟದಲ್ಲಿ ಬಿಜೆಪಿ ಮತಪ್ರಮಾಣ ಸುಮಾರು ಶೇ 37.4ರಿಂದ 36.6ಕ್ಕೆ ಬಂತು. ಒಂದು ಶೇಕಡಾ ಕೂಡ ಇಳಿದಿಲ್ಲ, ಸ್ಥಾನ ಮಾತ್ರ 63 ಹೋದವು. ಯಾಕೆಂದರೆ ಮತ ಹೆಚ್ಚಿದ ಜಾಗ ಬೇರೆ, ಕಳೆದ ಜಾಗ ಬೇರೆ. ತಮಿಳುನಾಡಿನಲ್ಲಿ ಮತಪ್ರಮಾಣ ಶೇ 11 ದಾಟಿತು, ಸ್ಥಾನ ಸೊನ್ನೆ. ಉತ್ತರ ಪ್ರದೇಶದಲ್ಲಿ ಸುಮಾರು ಶೇ 50 ಇದ್ದದ್ದು 41ರ ಹತ್ತಿರ ಬಂತು, 62 ಸ್ಥಾನ 33 ಆದವು. ಹೆಚ್ಚು ಮತ ಪಡೆದವನೇ ಗೆಲ್ಲುವ ನಮ್ಮ ಪದ್ಧತಿಯಲ್ಲಿ ಎದುರಾಳಿಗಳು ಒಂದಾದ ಕಡೆ ಸಣ್ಣ ಇಳಿಕೆಯೂ ದೊಡ್ಡ ಪೆಟ್ಟು ಕೊಡುತ್ತದೆ. ಹಾಗಾಗಿ ರಾಷ್ಟ್ರೀಯ ಸರಾಸರಿಯಿಂದ ತೀರ್ಪು ಹೇಳಬೇಡಿ, ರಾಜ್ಯಕ್ಕೆ ಇಳಿಯಿರಿ.

ಕರ್ನಾಟಕದ ಲೆಕ್ಕದಲ್ಲಿ ಬಹಳ ಜನ ಎಡವುತ್ತಾರೆ. ಬಿಜೆಪಿ ಶೇ 51ರಿಂದ 46ಕ್ಕೆ ಬಿತ್ತು, ಕಾಂಗ್ರೆಸ್ ಸುಮಾರು 32ರಿಂದ 45ಕ್ಕೆ ಜಿಗಿಯಿತು ಎಂದು ಪಕ್ಕಪಕ್ಕ ಇಟ್ಟರೆ ಭೂಕಂಪವೇ ಆದಂತೆ ಕಾಣುತ್ತದೆ. ಸ್ಪರ್ಧಿಸಿದ ಸ್ಥಾನಗಳನ್ನು ಎಣಿಸಿ. 2019ರಲ್ಲಿ ಬಿಜೆಪಿ 27 ಕಡೆ ನಿಂತಿತ್ತು, 2024ರಲ್ಲಿ 25 ಕಡೆ. ಕಾಂಗ್ರೆಸ್ ಆಗ 21 ಕಡೆ, ಈಗ 28ರಲ್ಲೂ. ಸರಿಯಾದ ಹೋಲಿಕೆ ಮೈತ್ರಿಗೆ ಮೈತ್ರಿಯದು: ಆಗಿನ ಕಾಂಗ್ರೆಸ್–ಜೆಡಿಎಸ್ ಸೇರಿ ಸುಮಾರು 41.5, ಈಗ ಕಾಂಗ್ರೆಸ್ ಒಂದೇ 45.4. ಆಗಿನ ಬಿಜೆಪಿ 51ರ ಮೇಲೆ, ಈಗಿನ ಬಿಜೆಪಿ–ಜೆಡಿಎಸ್ ಸೇರಿ 51.7. ಅಂದರೆ ಜೆಡಿಎಸ್ ಜತೆಗೂಡಿದ ಮೇಲೂ ನಮ್ಮ ಪಾಲು ಬಹುತೇಕ ಅಲ್ಲೇ ನಿಂತಿತು, ಎದುರಿನವರದು ಬೆಳೆಯಿತು. ಕಲ್ಯಾಣ ಕರ್ನಾಟಕದ ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳ, ಬಳ್ಳಾರಿ ಐದೂ ಕೈತಪ್ಪಿದ್ದರ ಬೇರು ಇಲ್ಲಿದೆ. ಬೆಂಗಳೂರು ಗ್ರಾಮಾಂತರದಲ್ಲಿ 2,69,647 ಮತಗಳ ಗೆಲುವು ತೋರಿಸಿ ಇದನ್ನು ಮುಚ್ಚಿಡಲು ಆಗುವುದಿಲ್ಲ.

ಇನ್ನೊಂದು ಎಚ್ಚರ. 2023ರ ವಿಧಾನಸಭೆ ಅಂಕಿಯನ್ನು ಲೋಕಸಭೆಗೆ ಹೋಲಿಸಬೇಡಿ. ಅದೇ ಮತದಾರ ಎರಡು ಚುನಾವಣೆಗಳಲ್ಲಿ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಾನೆ. 2019ಕ್ಕೆ 2024, ಅಷ್ಟೇ.

ನಮೂನೆ 20 ತೆಗೆದು ಬೂತ್ ನೋಡಿ

ಬೂತ್‌ವಾರು ಅಂತಿಮ ಫಲಿತಾಂಶ ಇರುವ ಹಾಳೆಗೆ ನಮೂನೆ 20 ಎನ್ನುತ್ತಾರೆ. ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ಪಿಡಿಎಫ್ ಸಿಗುತ್ತದೆ. ಕರ್ನಾಟಕದಲ್ಲಿ ಒಂದು ಲೋಕಸಭಾ ಕ್ಷೇತ್ರಕ್ಕೆ ಎಂಟು ವಿಧಾನಸಭಾ ಭಾಗಗಳು. ನಿಮ್ಮ ಭಾಗದ ಎರಡೂ ವರ್ಷಗಳ ಹಾಳೆ ಇಳಿಸಿಕೊಳ್ಳಿ. ಒಂದು ಸಾಲಿಗೆ ಒಂದು ಬೂತ್. ಅಭ್ಯರ್ಥಿವಾರು ಮತ, ಒಟ್ಟು ಸಿಂಧು ಮತ, ನೋಟಾ ಎಲ್ಲ ಅಡ್ಡಸಾಲಿನಲ್ಲಿರುತ್ತವೆ. ಅಂಚೆ ಮತ ಬೂತ್‌ಗೆ ಸೇರುವುದಿಲ್ಲ, ಕೊನೆಯಲ್ಲಿ ಬೇರೆಯಾಗಿ ಬರುತ್ತದೆ. ಅದನ್ನು ಬಿಟ್ಟು ಕೂಡಿಸಿದರೆ ಘೋಷಿತ ಮೊತ್ತಕ್ಕೆ ತಾಳೆಯಾಗದು.

ಬೂತ್ ಸಂಖ್ಯೆ ನಂಬಿ ಹೋಲಿಸಬೇಡಿ. ಮತದಾರರು ಹೆಚ್ಚಿದ ಕಡೆ ಬೂತ್ ಒಡೆದಿರುತ್ತಾರೆ, ಆಗ ಮುಂದಿನ ಸಂಖ್ಯೆಗಳೆಲ್ಲ ಸರಿಯುತ್ತವೆ. ಶಾಲೆಯ ಹೆಸರು, ಕೊಠಡಿ, ಬೀದಿ ನೋಡಿ ಜೋಡಿಸಿ. ನೋಂದಾಯಿತ ಮತದಾರರ ಸಂಖ್ಯೆಗೆ ಮತದಾರರ ಪಟ್ಟಿಯ ಕೊನೆಯ ಪುಟ ನೋಡಿ.

ಈಗ ಮುಖ್ಯ ಲೆಕ್ಕ. ಉದಾಹರಣೆಗೆ ಒಂದು ಬೂತ್‌ನಲ್ಲಿ ಆಗ 720 ಮತ ಬಿದ್ದು ನಮಗೆ 430, ಈಗ 640 ಬಿದ್ದು 365 ಎಂದುಕೊಳ್ಳಿ. ಕಳೆದದ್ದು 65. ಹಳೆಯ ಪಾಲು ಶೇ 59.7. ಅದೇ ಪಾಲು 640ರಲ್ಲಿ ಉಳಿದಿದ್ದರೆ 382 ಬರಬೇಕಿತ್ತು. ಆದ್ದರಿಂದ 48 ಮತ ಹೋದದ್ದು ಜನ ಮತಗಟ್ಟೆಗೆ ಬಾರದ್ದರಿಂದ, 17 ಮತ ಬೇರೆಯವರಿಗೆ ಹೋದದ್ದರಿಂದ. ಇದು ಅಂದಾಜು, ಮನೆಯಲ್ಲೇ ಉಳಿದವರಲ್ಲಿ ನಮ್ಮವರೇ ಹೆಚ್ಚಿರಬಹುದು. ಆದರೂ ದಾರಿ ತೋರಿಸುತ್ತದೆ. ಮೊದಲನೆಯದು ದೊಡ್ಡದಿದ್ದರೆ ಮನೆಮನೆ ಸಂಪರ್ಕ ಸೋತಿದೆ, ಎರಡನೆಯದು ದೊಡ್ಡದಿದ್ದರೆ ಅಭ್ಯರ್ಥಿಯೋ ಬೆಲೆಯೇರಿಕೆಯೋ ಗ್ಯಾರಂಟಿಯೋ ಕೆಲಸ ಮಾಡಿದೆ. ಎರಡಕ್ಕೂ ಮದ್ದು ಬೇರೆ.

ಮೂರನೆಯವನು ಮತ ಒಡೆದ ಎಂಬ ಮಾತನ್ನೂ ಇಲ್ಲೇ ಪರೀಕ್ಷಿಸಿ. ದಾವಣಗೆರೆಯಲ್ಲಿ ಬಿಜೆಪಿ ಸೋಲಿನ ಅಂತರ 26,094. ಪಕ್ಷೇತರನೊಬ್ಬ 40 ಸಾವಿರಕ್ಕೂ ಹೆಚ್ಚು ಪಡೆದ. ಆದರೆ ಆತ ಕಾಂಗ್ರೆಸ್ ಟಿಕೆಟ್ ಕೇಳಿದ್ದವನು, ಬಿಜೆಪಿ ಬಂಡಾಯಗಾರನಲ್ಲ. ಅಂತರಕ್ಕಿಂತ ಹೆಚ್ಚು ಪಡೆದವರೆಲ್ಲ ನಮ್ಮ ಮತವನ್ನೇ ಪಡೆದರು ಎನ್ನಲಾಗದು.

ಅಯೋಧ್ಯೆಯವರನ್ನು ಬೈಯುವ ಮುನ್ನ

ಅಯೋಧ್ಯೆ ಸೇರಿರುವ ಫೈಜಾಬಾದ್ ಕ್ಷೇತ್ರದಲ್ಲಿ ಬಿಜೆಪಿ 54,567 ಮತಗಳಿಂದ ಸೋತಾಗ ಅಲ್ಲಿನ ಜನರ ಮೇಲೆ ಆಡಿದ ಮಾತುಗಳು ತಪ್ಪು. ಭಾಗವಾರು ನೋಡಿ: ಅಯೋಧ್ಯೆ ವಿಧಾನಸಭಾ ಭಾಗದಲ್ಲಿ ಲೀಡ್ ಬಿಜೆಪಿಗೇ ಇತ್ತು. ಉಳಿದ ನಾಲ್ಕು ಭಾಗಗಳಲ್ಲಿ ಹಿನ್ನಡೆಯಾಯಿತು. ಮಂದಿರ ಕಟ್ಟಿದ್ದಕ್ಕೆ ಋಣ ತೀರಿಸಿ ಎಂದು ಮತದಾರನನ್ನು ಕೇಳುವುದು ನಮ್ಮ ಸಂಸ್ಕಾರವೂ ಅಲ್ಲ. ಯಂತ್ರದ ಮೇಲೆ ಅನುಮಾನ ಬಂದರೆ ಮತದಾನದ ಸಂಜೆ ಏಜೆಂಟರಿಗೆ ಕೊಡುವ ನಮೂನೆ 17ಸಿ (ಬೂತ್‌ನಲ್ಲಿ ಬಿದ್ದ ಮತಗಳ ಲೆಕ್ಕ) ಪ್ರತಿಯನ್ನು ನಮೂನೆ 20ಕ್ಕೆ ತಾಳೆ ಹಾಕಿ. ಗಂಭೀರ ದೋಷವೇ ಕಂಡರೆ ಆ ಕ್ಷೇತ್ರದ ಮತದಾರನೂ ಫಲಿತಾಂಶ ಘೋಷಣೆಯಾದ 45 ದಿನಗಳೊಳಗೆ ಹೈಕೋರ್ಟ್‌ನಲ್ಲಿ ಚುನಾವಣಾ ಅರ್ಜಿ ಹಾಕಬಹುದು. ಗೆದ್ದಾಗ ಯಂತ್ರ ಸರಿ, ಸೋತಾಗ ಕೆಟ್ಟದ್ದು ಎನ್ನುವುದು ಬೇಡ.

ಈ ಸಂಖ್ಯೆಯಿಂದ ಏನು ಕೇಳಬಹುದು

ಬಹುಮತಕ್ಕೆ 272 ಬೇಕು. ತೆಲುಗು ದೇಶಂನ 16, ಜೆಡಿಯುನ 12 ಮತ್ತು ಉಳಿದ ಮಿತ್ರಪಕ್ಷಗಳ ಸ್ಥಾನ ಸೇರಿದರೇ ಸಾಮಾನ್ಯ ಮಸೂದೆಗಳಿಗೆ ದಾರಿ. ಸಂವಿಧಾನ ತಿದ್ದುಪಡಿಗೆ ಸದನದ ಒಟ್ಟು ಬಲದ ಬಹುಮತದ ಜತೆಗೆ ಹಾಜರಿದ್ದು ಮತ ಹಾಕಿದವರ ಮೂರನೇ ಎರಡರಷ್ಟು ಬೇಕು. ಒಂದು ದೇಶ ಒಂದು ಚುನಾವಣೆ ಮಸೂದೆ 2024ರ ಡಿಸೆಂಬರ್‌ನಲ್ಲಿ 269–198ರಿಂದ ಮಂಡನೆಯಾಯಿತು. ಮಂಡನೆಗೆ ಅಷ್ಟು ಸಾಕು, ಅಂಗೀಕಾರಕ್ಕೆ ಅದೇ ಹಾಜರಾತಿಯಲ್ಲಿ 312 ಬೇಕು. ನಿಮ್ಮ ಸಂಸದರಿಗೆ ಪತ್ರ ಬರೆಯುವಾಗ ಇದನ್ನು ಮನಸ್ಸಿನಲ್ಲಿಡಿ: ತಿದ್ದುಪಡಿ ಬೇಕಾದ ಭರವಸೆಗೆ ಯಾರ ಬೆಂಬಲ ಕೇಳಿದ್ದೀರಿ ಎಂದು ಕೇಳಿ, ಸಾಮಾನ್ಯ ಕಾಯ್ದೆ ಸಾಕಾದುದಕ್ಕೆ ಯಾವಾಗ ಎಂದು ಕೇಳಿ.

ಕೊನೆಗೆ ಮತದಾರರ ಪಟ್ಟಿ. 2024ರಲ್ಲಿ ಬೆಂಗಳೂರು ದಕ್ಷಿಣದಲ್ಲಿ ಮತದಾನ ಶೇ 53ರಷ್ಟು, ಮಂಡ್ಯದಲ್ಲಿ 81 ದಾಟಿತ್ತು. ನಗರದಲ್ಲಿ ಆಲಸ್ಯದಷ್ಟೇ ಮನೆ ಬದಲಿಸಿದವರ ಹೆಸರುಗಳು ಹಳೆಯ ವಿಳಾಸದಲ್ಲೇ ಉಳಿದಿರುವುದೂ ಕಾರಣ. ಮನೆ ಬದಲಿಸಿದವರು ನಮೂನೆ 8, ಹೊಸಬರು ನಮೂನೆ 6, ತೀರಿಕೊಂಡವರ ಹೆಸರು ತೆಗೆಸಲು ನಮೂನೆ 7. ವಯಸ್ಸಿನ ಅರ್ಹತೆಗೆ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1 ಎಂದು ವರ್ಷಕ್ಕೆ ನಾಲ್ಕು ದಿನಾಂಕಗಳಿವೆ. ಗುರುತಿನ ಚೀಟಿ ಕೈಯಲ್ಲಿದ್ದರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮತ ಹಾಕಲು ಬಿಡುವುದಿಲ್ಲ. ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿ ಈಗಲೇ ನೋಡಿಕೊಳ್ಳಿ, ಚುನಾವಣೆ ಘೋಷಣೆಯಾದ ಮೇಲೆ ಸಿಗುವ ದಿನಗಳು ಬಹಳ ಕಡಿಮೆ.