ಕುರಿರೊಪ್ಪಕ್ಕೆ ನಾಯಿಮರಿಯನ್ನು ಹೊಂದಿಸುವ ಬಗೆ

ಶಿರಾ, ಪಾವಗಡದ ಕಡೆ ಕುರಿ ಸಾಕುವವರು ನಾಯಿಮರಿಯನ್ನು ಸುಮಾರು 8 ವಾರ ತುಂಬಿದ ಮೇಲೆ ತರುವುದು ಒಳ್ಳೆಯದು. ಏಕೆಂದರೆ 3ರಿಂದ 14 ವಾರಗಳ ನಡುವೆ ಮರಿ ಯಾರೊಡನೆ ಬೆರೆಯುತ್ತದೆಯೋ, ಮನುಷ್ಯರಾಗಲಿ ಕುರಿಗಳಾಗಲಿ, ಅವರೊಂದಿಗಿನ ಸಲುಗೆ ಬಹುಕಾಲ ಉಳಿಯುತ್ತದೆ.

ಮೊದಲ ಕೆಲವು ದಿನ ಮರಿಯನ್ನು ಬೇಲಿಯ ಹೊರಗೆ ಹಗ್ಗ ಹಿಡಿದು ಕೂರಿಸಿ, ಕುರಿಗಳು ಮೂಸಿ ನೋಡಲು ಬಿಡಬೇಕು. ಆಮೇಲೆ ಸಾಧುವಾದ ಕುರಿಯೊಂದರ ಬಳಿಗೆ ಒಯ್ಯಬಹುದು. ಆಗತಾನೇ ಈದ ಕುರಿಯ ಹತ್ತಿರ ಮಾತ್ರ ಬೇಡ, ಅದು ಹಾಯದೆ ಬಿಡುವುದಿಲ್ಲ.

ನಾಯಿಗಳ ನಡುವೆ ಆಟ ಯಾವುದು, ಜಗಳ ಯಾವುದು ಎಂದು ಗುರುತಿಸುವುದೇ ಇಲ್ಲಿ ಮುಖ್ಯ. ಮುಂಗಾಲುಗಳನ್ನು ಚಾಚಿ, ಎದೆಯನ್ನು ನೆಲಕ್ಕೆ ತಗ್ಗಿಸಿ, ಹಿಂಭಾಗವನ್ನು ಮೇಲೆತ್ತಿ ಬಾಲ ಆಡಿಸುವ ನಾಯಿ ಆಟಕ್ಕೆ ಕರೆಯುತ್ತಿರುತ್ತದೆ. ದೊಡ್ಡ ನಾಯಿ ತಾನಾಗಿಯೇ ಅಂಗಾತ ಬಿದ್ದು ಚಿಕ್ಕದನ್ನು ಗೆಲ್ಲಲು ಬಿಡುವುದೂ ಆಟವೇ. ಮೈ ಬಿಗಿದು, ಬಾಯಿ ಮುಚ್ಚಿ, ದಿಟ್ಟಿಸಿ ನಿಂತರೆ ಕೂಡಲೇ ಬೇರ್ಪಡಿಸಬೇಕು. ಕುರಿಗೆ ಆಟದ ಈ ಕರೆ ಅರ್ಥವಾಗದು, ಅದು ಓಡುತ್ತದೆ; ಮರಿಗೆ ಅಟ್ಟುವ ರುಚಿ ಒಮ್ಮೆ ಹತ್ತಿದರೆ ಬಿಡಿಸುವುದು ಬಲು ಕಷ್ಟ. ಆದ್ದರಿಂದ ಮೊದಲ ಸಲವೇ ಹಗ್ಗದಿಂದ ತಡೆದು, ಹೆಸರು ಹಿಡಿದು ಕರೆದು, ಬಂದೊಡನೆ ಮುದ್ದೆಯ ತುಣುಕು ಕೊಡಬೇಕು. ಹೊಡೆದರೆ ಮರಿ ಕಲಿಯುವುದು ನಿಮ್ಮ ಮೇಲಿನ ಭಯವನ್ನಷ್ಟೇ.

ಉಣ್ಣುತ್ತಿರುವ, ಮಲಗಿರುವ ನಾಯಿಯನ್ನು ಮಕ್ಕಳು ಮುಟ್ಟದಂತೆ ನೋಡಿಕೊಳ್ಳಿ.

3 ತಿಂಗಳಿಗೆ ರೇಬಿಸ್ ಲಸಿಕೆ ಹಾಕಿಸಿ, ಪಶುವೈದ್ಯರು ಹೇಳಿದಂತೆ ಜಂತುಹುಳುವಿನ ಔಷಧಿಯನ್ನೂ ಕೊಡಿಸಿ. ಕುರಿ ಕೊಯ್ದಾಗ ಹಸಿ ಈಲಿ, ಶ್ವಾಸಕೋಶಗಳನ್ನು ನಾಯಿಗೆ ಎಸೆಯಬಾರದು. ಅವುಗಳಲ್ಲಿನ ನೀರುಗುಳ್ಳೆಗಳಿಂದ ನಾಯಿಯ ಕರುಳಿಗೆ ಲಾಡಿಹುಳು ಸೇರಿ, ಅದರ ಮೊಟ್ಟೆಗಳು ಮನೆಮಂದಿಗೂ ರೋಗ ತರಬಲ್ಲವು.