ಮೋಡದೊಳಗಿನ ಮಳೆಯನ್ನು ರೇಡಾರ್ ಅಳೆಯುವುದು ಹೇಗೆ?

ಶ್ರೀಹರಿಕೋಟಾದಲ್ಲಿ ರಾಕೆಟ್ ಹಾರಿಸುವ ಮುನ್ನ ಸುತ್ತಲಿನ ಮೋಡಗಳಲ್ಲಿ ಏನಿದೆ ಎಂದು ತಿಳಿದಿರಬೇಕು. ಅದಕ್ಕಾಗಿ ಅಲ್ಲೊಂದು ಡಾಪ್ಲರ್ ಹವಾಮಾನ ರೇಡಾರ್ ಇದೆ. ಇಸ್ರೊ ಜೊತೆ ಸೇರಿ ಅದನ್ನು ರೂಪಿಸಿದ್ದು ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್). ಅದರ ಕೆಲಸವನ್ನು ಹಂತಹಂತವಾಗಿ ನೋಡೋಣ.

ಮೊದಲು ಕಳುಹಿಸುವುದು. ಬೋಗುಣಿಯಾಕಾರದ ಆಂಟೆನಾ ರೇಡಿಯೊ ಅಲೆಯ ಒಂದು ಪುಟ್ಟ ಮಿಡಿತವನ್ನು ಒಂದೇ ದಿಕ್ಕಿಗೆ ಹೊರಡಿಸುತ್ತದೆ. ಅದರ ಅವಧಿ ಸುಮಾರು ಒಂದು ಮೈಕ್ರೊಸೆಕೆಂಡ್, ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು.

ನಂತರ ಕಾಯುವುದು. ರೇಡಾರ್‌ನ ನಿಜವಾದ ಕೆಲಸ ಇದೇ. ಸೆಕೆಂಡಿಗೆ ಇಂಥ 500 ಮಿಡಿತಗಳು ಹೊರಟರೂ ಕಳುಹಿಸಲು ಹಿಡಿಯುವ ಸಮಯ ಒಟ್ಟು ಅರ್ಧ ಮಿಲಿಸೆಕೆಂಡ್. ಮಿಕ್ಕ ಹೊತ್ತೆಲ್ಲ ಅದು ಮಳೆಹನಿಗಳಿಗೆ ತಾಗಿ ಮರಳುವ ಅತಿ ಕ್ಷೀಣ ಅಲೆಗಾಗಿ ಕಾದಿರುತ್ತದೆ. ಆತುರಪಟ್ಟು ಮುಂದಿನ ಮಿಡಿತವನ್ನು ಬೇಗ ಕಳುಹಿಸಿದರೆ, ಮರಳಿದ್ದು ಯಾವ ಮಿಡಿತ ಎಂಬುದೇ ಗೊಂದಲವಾಗುತ್ತದೆ.

ಈಗ ಲೆಕ್ಕ. ರೇಡಿಯೊ ಅಲೆಯ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಅಲೆ ಒಂದು ಮಿಲಿಸೆಕೆಂಡಿನಲ್ಲಿ ಮರಳಿದರೆ ಕ್ರಮಿಸಿದ್ದು 300 ಕಿ.ಮೀ. ಇದರಲ್ಲಿ ಹೋದ ದಾರಿಯೂ ಬಂದ ದಾರಿಯೂ ಸೇರಿದೆ. ಆದ್ದರಿಂದ ಮಳೆ ಇರುವುದು 150 ಕಿ.ಮೀ. ದೂರದಲ್ಲಿ. 0.4 ಮಿಲಿಸೆಕೆಂಡಿನಲ್ಲಿ ಮರಳಿದರೆ ಎಷ್ಟು ದೂರ? ನೀವೇ ಲೆಕ್ಕ ಹಾಕಿ, 60 ಬರಬೇಕು. ಎರಡರಿಂದ ಭಾಗಿಸುವುದನ್ನು ಮಾತ್ರ ಮರೆಯಬೇಡಿ. ದಿಕ್ಕು ತಿಳಿಯುವುದು ಆಂಟೆನಾ ಮುಖಮಾಡಿದ ಕಡೆಯಿಂದ.

ಮರಳಿದ ಅಲೆಯ ಬಲ ಹನಿಗಳ ಗಾತ್ರವನ್ನು ಹೇಳುತ್ತದೆ. ಹನಿಯ ವ್ಯಾಸ ಎರಡು ಪಟ್ಟಾದರೆ ಮರಳುವ ಶಕ್ತಿ 64 ಪಟ್ಟಾಗುತ್ತದೆ! ಹಾಗಾಗಿ ತುಂತುರು ಮತ್ತು ಬಿರುಮಳೆಯ ನಡುವಿನ ಅಂತರ ತೆರೆಯ ಮೇಲೆ ಢಾಳಾಗಿ ಕಾಣುತ್ತದೆ.

ಇನ್ನು ಗಾಳಿಯ ವೇಗ. ಹತ್ತಿರ ಬರುವ ರೈಲಿನ ಹಾರ್ನ್ ಕೀರಲಾಗಿಯೂ ದಾಟಿಹೋದ ಮೇಲೆ ದಪ್ಪಗೂ ಕೇಳಿಸುವಂತೆ, ಚಲಿಸುವ ಹನಿಗಳಿಂದ ಮರಳಿದ ಅಲೆಯ ಆವರ್ತಾಂಕವೂ (ಸೆಕೆಂಡಿಗೆ ಅದು ಕಂಪಿಸುವ ಸಂಖ್ಯೆ) ತುಸು ಬದಲಾಗುತ್ತದೆ. ಇದೇ ಡಾಪ್ಲರ್ ಪರಿಣಾಮ. ಆದರೆ ರೇಡಾರ್‌ನತ್ತ ಬರುವ ಇಲ್ಲವೇ ಅದರಿಂದ ದೂರ ಸರಿಯುವ ಚಲನೆಯಷ್ಟೇ ಹೀಗೆ ಗೊತ್ತಾಗುತ್ತದೆ. ಅಡ್ಡಲಾಗಿ ಬೀಸುವ ಗಾಳಿ ಲೆಕ್ಕಕ್ಕೆ ಸಿಗುವುದಿಲ್ಲ.

ಭೂಮಿಯ ದುಂಡಗಿನ ಮೈಯೂ ಒಂದು ಅಡ್ಡಿ. ಅರ್ಧ ಡಿಗ್ರಿ ಮೇಲ್ಮುಖವಾಗಿ ಹೊರಟ ಅಲೆ 200 ಕಿ.ಮೀ. ದಾಟುವಾಗ ನೆಲದಿಂದ ಸುಮಾರು 4 ಕಿ.ಮೀ. ಎತ್ತರದಲ್ಲಿರುತ್ತದೆ. ಅದರ ಕೆಳಗಿನ ಮಳೆ ಕಾಣುವುದೇ ಇಲ್ಲ. ಪೂರ್ವ ಕರಾವಳಿಯಲ್ಲಿ ಚೆನ್ನೈ, ಮಚಲಿಪಟ್ಟಣ, ವಿಶಾಖಪಟ್ಟಣ ಎಂದು ಸಾಲಾಗಿ ರೇಡಾರ್‌ಗಳನ್ನು ಇಟ್ಟಿರುವುದಕ್ಕೆ ಇದೂ ಒಂದು ಕಾರಣ.