ಕೈಕಾಲಿಗೆ ಒಂದು ತಿಂಗಳು, ಕಣ್ಣಿಗೆ ಒಂದು ವರ್ಷ: ಮಗಳಿಗೆ ಕಾರು ಕಲಿಸಿದ ನನ್ನ ಅನುಭವ

ಲೈಸೆನ್ಸ್ ಕೈಗೆ ಬಂದ ದಿನವೇ ಮಗಳು ಕೇಳಿದಳು, "ಅಮ್ಮಾ, ಸಂಜೆ ನಾನೊಬ್ಬಳೇ ಗಾಡಿ ತಗೊಂಡು ಹೋಗ್ಲಾ?"

ನಾನು ಬೇಡ ಅಂದೆ. ಅವಳಿಗೆ ತುಂಬಾ ಬೇಜಾರಾಯಿತು. ಬೇಜಾರಾಗುವುದು ಸಹಜವೇ. ಪರೀಕ್ಷೆಯಲ್ಲಿ ಒಂದೂ ತಪ್ಪು ಮಾಡಿರಲಿಲ್ಲ. ಏರಿನಲ್ಲಿ ಅರ್ಧ ಕ್ಲಚ್ ಹಿಡಿದು ಗಾಡಿ ಹಿಂದಕ್ಕೆ ಜಾರದ ಹಾಗೆ ನಿಲ್ಲಿಸುತ್ತಿದ್ದಳು. ರಿವರ್ಸ್ ನನಗಿಂತ ಚೆನ್ನಾಗಿ ತೆಗೆಯುತ್ತಿದ್ದಳು. ಆದರೆ ಹಿಂದಿನ ವಾರ ಪಕ್ಕದಲ್ಲಿ ಕೂತಿದ್ದಾಗ ನಾನು ರಸ್ತೆ ಬಿಟ್ಟು ಅವಳ ಕಣ್ಣನ್ನೇ ನೋಡುತ್ತಿದ್ದೆ. ಅದು ಬಾನೆಟ್‌ನ ಮುಂದಿನ ಸ್ವಲ್ಪ ಜಾಗ ಬಿಟ್ಟು ಆಚೆ ಹೋಗುತ್ತಲೇ ಇರಲಿಲ್ಲ. ಕನ್ನಡಿ ಕಡೆಗಂತೂ ನಾನು ಹೇಳಿದಾಗ ಮಾತ್ರ ತಿರುಗುತ್ತಿತ್ತು.

ಹೊಸಬರೆಲ್ಲರದ್ದೂ ಇದೇ ಕಥೆ. ಗೇರು, ಕ್ಲಚ್ಚು, ಸ್ಟೀರಿಂಗು ಒಂದು ತಿಂಗಳಲ್ಲಿ ಬಂದುಬಿಡುತ್ತವೆ. ರಸ್ತೆ ಓದುವುದು ಅಷ್ಟು ಬೇಗ ಬರುವುದಿಲ್ಲ. ತರಗತಿಯಲ್ಲಿ ಕೈಕಾಲಿನ ಕೆಲಸ ಚೆನ್ನಾಗಿ ಕಲಿಸಿದ್ದರು, ಇದಕ್ಕೆ ಅಲ್ಲಿ ಸಮಯ ಇರಲಿಲ್ಲ. ಹಾಗಾಗಿ ಒಂದು ವರ್ಷ ನಾನೇ ಪಕ್ಕದಲ್ಲಿ ಕೂರುವುದು ಅಂತ ತೀರ್ಮಾನಿಸಿದೆವು.

ಮೊದಲು ಮಾಡಿದ್ದು, ನೋಡಿದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಗಾಡಿ ಓಡಿಸುವುದು. "ಮುಂದೆ ಎರಡನೇ ಕಾರಿನ ಬ್ರೇಕ್ ಲೈಟ್ ಹತ್ತಿತು. ಹಿಂದೆ ಬೈಕ್ ಇದೆ. ಪಕ್ಕದಲ್ಲಿ ನಿಂತಿರೋ ಕಾರಿನಲ್ಲಿ ಜನ ಕೂತಿದ್ದಾರೆ, ಬಾಗಿಲು ತೆಗೀಬಹುದು." ಮೊದಲ ದಿನ ಅವಳಿಗೆ ತುಂಬಾ ನಾಚಿಕೆ. ಮೊದಲು ನಾನು ಓಡಿಸುತ್ತಾ ಹೇಳಿ ತೋರಿಸಿದೆ, ಆಮೇಲೆ ಅವಳು ಶುರುಮಾಡಿದಳು. ಇದರ ದೊಡ್ಡ ಉಪಯೋಗ ಏನೆಂದರೆ, ಅವಳು ಏನನ್ನು ನೋಡುತ್ತಿಲ್ಲ ಅನ್ನುವುದು ನನಗೆ ತಕ್ಷಣ ಗೊತ್ತಾಗುತ್ತಿತ್ತು. ಸುಮ್ನೆ ಓಡಿಸುವ ಮಗುವಿನ ತಲೆಯಲ್ಲಿ ಏನು ನಡೆಯುತ್ತಿದೆ ಅಂತ ಪಕ್ಕದಲ್ಲಿ ಕೂತವರಿಗೆ ಹೇಗೆ ಗೊತ್ತಾಗಬೇಕು?

ಎರಡನೇ ತಿಂಗಳಲ್ಲಿ ಒಂದು ದಿನ ಮುಂದೆ ಬಸ್ ನಿಂತಿತ್ತು. "ಬಸ್ಸಿನ ಮುಂದಿನಿಂದ ಯಾರಾದ್ರೂ ದಾಟಬಹುದು" ಅಂತ ಹೇಳಿಕೊಂಡೇ ಕಾಲನ್ನು ಬ್ರೇಕ್ ಮೇಲೆ ತಂದಳು. ಶಾಲೆ ಬ್ಯಾಗು ಹಾಕಿದ ಒಬ್ಬ ಹುಡುಗ ನಿಜಕ್ಕೂ ಓಡಿಬಂದ. ಗಾಡಿ ಆರಾಮಾಗಿ ನಿಂತಿತು. ಟಯರ್ ಕಿರುಚಲಿಲ್ಲ, ಯಾರೂ ಬೈಯಲಿಲ್ಲ. ಹುಡುಗನಿಗೆ ಏನೂ ಗೊತ್ತಾಗಲೇ ಇಲ್ಲ. ನನಗೆ ಮಾತ್ರ ಕಣ್ಣು ತುಂಬಿ ಬಂತು.

ಇನ್ನು ವೇಗದ ವಿಷಯ. ಇದನ್ನು ಎಷ್ಟು ಹೇಳಿದರೂ ಆ ವಯಸ್ಸಿನಲ್ಲಿ ತಲೆಗೆ ಹೋಗುವುದಿಲ್ಲ, ತೋರಿಸಬೇಕು. ಯಾರೂ ಇಲ್ಲದ, ಡಾಂಬರು ಹಾಕಿದ ಬಯಲಿಗೆ ಹೋದೆವು. ನೆಲದ ಮೇಲೆ ಒಂದು ಗೆರೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಬಂದು ಗೆರೆ ಮುಟ್ಟಿದ ಕೂಡಲೇ ಪೂರ್ತಿ ಬ್ರೇಕ್. ಅಳೆದರೆ ಸುಮಾರು 3 ಹೆಜ್ಜೆ. "40ರಲ್ಲಿ ಎಷ್ಟಾಗುತ್ತೆ?" ಅಂತ ಕೇಳಿದೆ. "6" ಅಂದಳು. ಬಂದದ್ದು 12. ವೇಗ ಎರಡು ಪಟ್ಟಾದರೆ ಬ್ರೇಕ್ ಹಾಕಿದ ಮೇಲೆ ಓಡುವ ದೂರ ನಾಲ್ಕು ಪಟ್ಟಾಗುತ್ತದೆ. ಭೌತಶಾಸ್ತ್ರದ ಪಾಠದಲ್ಲಿ ಇದನ್ನು ಓದಿ ಅಂಕ ತೆಗೆದಿದ್ದವಳು, ಆ ದಿನ ಹೆಜ್ಜೆ ಎಣಿಸುತ್ತಾ ಸುಮ್ಮನಾಗಿಬಿಟ್ಟಳು.

ಅದೂ ಬ್ರೇಕ್ ಹಾಕಿದ ಮೇಲಿನ ದೂರ ಮಾತ್ರ. ಕಣ್ಣು ಕಂಡು, ತಲೆ ತೀರ್ಮಾನಿಸಿ, ಕಾಲು ಪೆಡಲ್ ಒತ್ತಲು ಒಂದೂವರೆ ಸೆಕೆಂಡು ಹಿಡಿದರೆ, 60ರ ವೇಗದಲ್ಲಿ ಗಾಡಿ ಅಷ್ಟರೊಳಗೆ 25 ಮೀಟರ್ ಹೋಗಿರುತ್ತದೆ. ಫೋನ್ ಕಡೆ ಎರಡು ಸೆಕೆಂಡು ನೋಡಿದರೆ 33 ಮೀಟರ್ ಕಣ್ಣುಮುಚ್ಚಿ ಓಡಿಸಿದ ಹಾಗೆ. ಆ 33 ಮೀಟರನ್ನೂ ಹೆಜ್ಜೆ ಹಾಕಿ ನಡೆದೆವು. ಮುಗಿಯುವುದೇ ಇಲ್ಲ ಅನಿಸುತ್ತದೆ.

ಅದೇ ಬಯಲಿನಲ್ಲಿ ಎಬಿಎಸ್, ಅಂದರೆ ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ಬಿಗಿದು ಜಾರದ ಹಾಗೆ ತಡೆಯುವ ವ್ಯವಸ್ಥೆ, ಅದನ್ನೂ ಕಲಿತಳು. ಪೂರ್ತಿ ಬ್ರೇಕ್ ಒತ್ತಿದಾಗ ಪೆಡಲ್ ಕಾಲಿನ ಕೆಳಗೆ ದಡದಡ ನಡುಗುತ್ತದೆ. ಗೊತ್ತಿಲ್ಲದವರು ಏನೋ ಮುರಿಯಿತು ಅಂತ ಹೆದರಿ ಕಾಲು ತೆಗೆಯುತ್ತಾರೆ. ತೆಗೆಯಬಾರದು, ಒತ್ತಿ ಹಿಡಿಯಬೇಕು, ಆಗಲೂ ಸ್ಟೀರಿಂಗ್ ತಿರುಗಿಸಿ ಪಕ್ಕಕ್ಕೆ ಹೋಗಬಹುದು. ಮೊದಲ ಸಲ ಅವಳೂ ಕಾಲು ತೆಗೆದಳು. ಆ ತಪ್ಪು ಖಾಲಿ ಬಯಲಿನಲ್ಲಿ ಆಗಿದ್ದೇ ಒಳ್ಳೆಯದಾಯಿತು.

ಇನ್ನೊಂದು ಪಾಠಕ್ಕೆ ಎಂಜಿನ್ ಕೂಡ ಬೇಡ. ಗಾಡಿ ನಿಲ್ಲಿಸಿ ಅವಳನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ ನಾನು ಸುತ್ತ ನಡೆದೆ. ಕನ್ನಡಿಯಲ್ಲಿ ನಾನು ಕಾಣಿಸದಾದ ಕೂಡಲೇ ಹಾರ್ನ್ ಹೊಡೆಯಬೇಕು. ಹಿಂದಿನ ಬಾಗಿಲಿನ ಪಕ್ಕದಲ್ಲಿ ನಾನು ಪೂರ್ತಿ ಮಾಯ. ಮುಂದಿನ ಗಾಜಿನ ಪಕ್ಕದ ಕಂಬದ ಹಿಂದೆಯೂ ಒಂದು ಆಳು ಮರೆಯಾಗುತ್ತದೆ. ಅವತ್ತಿನಿಂದ ಲೇನ್ ಬದಲಿಸುವ ಮೊದಲು ಭುಜದ ಮೇಲಿಂದ ತಿರುಗಿ ನೋಡು ಅಂತ ನಾನು ಹೇಳಬೇಕಾಗಿ ಬರಲಿಲ್ಲ.

ನನ್ನಿಂದ ಆದ ತಪ್ಪೂ ಇದೆ. ಒಂದು ತಿರುವಿನಲ್ಲಿ ಹೆದರಿ "ಅಯ್ಯೋ, ಬ್ರೇಕ್!" ಅಂತ ಕಿರುಚಿದೆ. ಅವಳು ಗಾಬರಿಯಾಗಿ ನನ್ನ ಮುಖ ನೋಡಿದಳು. ರಸ್ತೆ ನೋಡಬೇಕಾದ ಹೊತ್ತಿನಲ್ಲಿ! ಆಮೇಲೆ ಮಾತುಗಳನ್ನು ಗೊತ್ತುಮಾಡಿಕೊಂಡೆವು. "ನಿಧಾನ", "ನಿಲ್ಲಿಸು", "ಪಕ್ಕಕ್ಕೆ ಹಾಕು". ಅಷ್ಟೇ. ಬೇರೆ ಏನೇ ಇದ್ದರೂ ಗಾಡಿ ನಿಂತ ಮೇಲೆ.

ಅವಳು ಕಲಿಯಲು ಶುರುಮಾಡುವ ಎಷ್ಟೋ ಮೊದಲೇ ನಾನು ನನ್ನ ಫೋನನ್ನು ಹಿಂದಿನ ಸೀಟಿಗೆ ಹಾಕಲು ಶುರುಮಾಡಿದ್ದೆ. ಮಕ್ಕಳು ಹಿಂದೆ ಕೂತು ವರ್ಷಗಟ್ಟಲೆ ನಮ್ಮನ್ನು ನೋಡಿರುತ್ತಾರೆ. ನಾವು ಸಿಗ್ನಲ್‌ನಲ್ಲಿ ಮೆಸೇಜ್ ಓದುತ್ತಾ, ಅವರಿಗೆ ಮಾತ್ರ ಬೇಡ ಅಂದರೆ ಹೇಗೆ ಒಪ್ಪುತ್ತಾರೆ, ಅಲ್ವಾ?

ಒಂಟಿಯಾಗಿ ಓಡಿಸಲು ಬಿಟ್ಟಾಗ ಎರಡು ಷರತ್ತು ಹಾಕಿದೆ. ಮೊದಲ ಆರು ತಿಂಗಳು ಗಾಡಿಯಲ್ಲಿ ಗೆಳೆಯರು ಬೇಡ, ರಾತ್ರಿ ಬೇಡ. "ನನ್ನ ಮೇಲೆ ನಂಬಿಕೆ ಇಲ್ವಾ?" ಅಂದಳು. ಇದು ನನ್ನ ತಲೆಯಿಂದ ಬಂದದ್ದಲ್ಲ ಅಂತ ವಿವರಿಸಿದೆ. ನ್ಯೂಜಿಲೆಂಡ್ 1987ರಲ್ಲೇ ಹಂತಹಂತವಾಗಿ ಲೈಸೆನ್ಸ್ ಕೊಡುವ ಪದ್ಧತಿ ತಂದಿತು. ಹೊಸಬರಿಗೆ ಮೊದಮೊದಲು ರಾತ್ರಿ ಓಡಿಸುವುದಕ್ಕೂ ಸ್ನೇಹಿತರನ್ನು ಕೂರಿಸಿಕೊಳ್ಳುವುದಕ್ಕೂ ಮಿತಿ. ಆಮೇಲೆ ಎಷ್ಟೋ ಕಡೆ ಅದೇ ದಾರಿ ಹಿಡಿದರು. ಹದಿಹರೆಯದ ಡ್ರೈವರ್ ಪಕ್ಕದಲ್ಲಿ ಅದೇ ವಯಸ್ಸಿನವರು ಕೂತರೆ ಅಪಾಯ ಜಾಸ್ತಿ, ಒಬ್ಬರಿಗಿಂತ ಇಬ್ಬರು ಮೂವರು ಇದ್ದರೆ ಇನ್ನೂ ಜಾಸ್ತಿ. ದುಡುಕನ್ನು ತಡೆಯುವ ಮಿದುಳಿನ ಭಾಗ ಬಲಿಯುವುದು 25ರ ಆಸುಪಾಸಿನಲ್ಲಿ. ಇದರಲ್ಲಿ ಒಳ್ಳೆಯ ಹುಡುಗಿ, ಕೆಟ್ಟ ಹುಡುಗಿ ಅನ್ನುವ ಮಾತೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 5ರಿಂದ 29 ವರ್ಷದವರ ಸಾವಿಗೆ ಜಗತ್ತಿನಲ್ಲಿ ಮೊದಲ ಕಾರಣ ರಸ್ತೆ ಅಪಘಾತ. ಇದನ್ನು ತಿಳಿದ ಮೇಲೂ ಮಗಳಿಗೆ ಬೇಜಾರಾಗುತ್ತದೆ ಅಂತ ಸುಮ್ಮನಿರಲು ನನ್ನಿಂದ ಆಗಲಿಲ್ಲ.

ನಾನೂ ಅವಳಿಗೆ ಒಂದು ಮಾತು ಕೊಟ್ಟೆ. ಓಡಿಸುವವರು ಕುಡಿದಿದ್ದರೆ, ತೂಕಡಿಸುತ್ತಿದ್ದರೆ, ಸೀಟ್ ಬೆಲ್ಟಿಗಿಂತ ಜಾಸ್ತಿ ಜನ ತುಂಬಿದ್ದರೆ, ಎಷ್ಟೊತ್ತಿಗಾದರೂ ಫೋನ್ ಮಾಡು, ನಾನೇ ಬರುತ್ತೇನೆ, ಆ ರಾತ್ರಿ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಒಂದು ಸಲ ಮಾಡಿದಳು. ಸ್ನೇಹಿತೆಯ ಕಾರು, ಓಡಿಸುತ್ತಿದ್ದವರಿಗೆ ಕಣ್ಣು ಎಳೆಯುತ್ತಿತ್ತಂತೆ. ಮಧ್ಯರಾತ್ರಿ ಹೋಗಿ ಮೂವರನ್ನೂ ಕರೆದುಕೊಂಡು ಬಂದೆ. ದಾರಿಯುದ್ದಕ್ಕೂ ಏನೂ ಕೇಳಲಿಲ್ಲ. ಅವತ್ತು ಬೈದಿದ್ದರೆ ಮತ್ತೆಂದೂ ಫೋನ್ ಬರುತ್ತಿರಲಿಲ್ಲ.

ಈಗ ವರ್ಷ ತುಂಬಿದೆ. ನಾವು ಪಕ್ಕದಲ್ಲಿ ಕೂತ ಗಂಟೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೆವು, 80 ದಾಟಿದೆ. ಹಗಲು, ಮುಸ್ಸಂಜೆ, ಜಡಿಮಳೆ, ಗಿಜಿಗುಡುವ ಪೇಟೆ ಎಲ್ಲ ಆಗಿದೆ. ಹೆದ್ದಾರಿಯಲ್ಲಿ ರಾತ್ರಿ ಮಳೆ ಒಂದು ಬಾಕಿ. ಮಳೆಗಾಲ ಶುರುವಾಗಲಿ ಅಂತ ಕಾಯುತ್ತಿದ್ದೇವೆ, ವೈಪರ್ ಬ್ಲೇಡು ಮೊನ್ನೆ ಅವಳೇ ಬದಲಾಯಿಸಿದಳು.